ಕೋಳಿಗೆ ಮದ್ದು ಹಾಕುವ ಮೊದಲು ಪೈಪಿನ ಒಳಗೆ ನೋಡಿ

ನಮಸ್ಕಾರ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟದ ಬದಿಯಲ್ಲಿ ಕೋಳಿ ಶೆಡ್ ಹಾಕಿರುವವರಿಗೆ ಇವತ್ತಿನ ಮಾತು. ಕೋಳಿ ತಿನ್ನುವ ಎಲ್ಲರಿಗೂ ಹೌದು.

ಶೆಡ್ಡಿನಲ್ಲಿ ಸೀಕು ಬಂದರೆ ಆಂಟಿಬಯೋಟಿಕ್ ಮದ್ದನ್ನು ನೀರಿನ ಟ್ಯಾಂಕಿಗೆ ಹಾಕುತ್ತೇವೆ. ಸಾವಿರಾರು ಕೋಳಿಗಳನ್ನು ಹಿಡಿದು ಒಂದೊಂದಕ್ಕೆ ಇಂಜೆಕ್ಷನ್ ಕೊಡಲಿಕ್ಕೆ ಆಗುತ್ತದಾ? ಸೀಕಾದ ಕೋಳಿ ಮೇವು ಬಿಟ್ಟರೂ ಸ್ವಲ್ಪವಾದರೂ ನೀರು ಕುಡಿಯುತ್ತದೆ. ಅಲ್ಲಿವರೆಗೆ ಸರಿ. ಆದರೆ ಆ ಮದ್ದು ಕೋಳಿಯ ಕೊಕ್ಕಿಗೆ ಮುಟ್ಟುವ ಮೊದಲು ಶೆಡ್ಡಿನ ಉದ್ದಕ್ಕೂ ಪೈಪಿನಲ್ಲಿ ಹರಿದು ಬರಬೇಕು. ಆ ಪೈಪನ್ನು ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿ. ಲೋಳೆ ಅಂಟುತ್ತದೆ.

ಇದಕ್ಕೆ ಬಯೋಫಿಲ್ಮ್ ಅಂತಾರೆ. ಬ್ಯಾಕ್ಟೀರಿಯಾಗಳು ಪೈಪಿಗೆ ಅಂಟಿಕೊಂಡು, ತಾವೇ ಅಂಟು ಸುರಿಸಿ, ಅದರೊಳಗೆ ಗುಂಪಾಗಿ ಬದುಕುತ್ತವೆ. ಮಳೆಗಾಲದ ಅಂಗಳದ ಪಾಚಿಯ ಹಾಗೆ, ನೀರು ಹೊಯ್ದರೆ ಹೋಗುವುದಿಲ್ಲ. ಹೊರಗೆ ಈಜುವ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಮದ್ದು ಒಳಗಿರುವುದಕ್ಕೆ ಸಾಕಾಗುವುದಿಲ್ಲ. ಕೆಲವೊಮ್ಮೆ ನೂರಾರು ಪಟ್ಟು ಜಾಸ್ತಿ ಬೇಕು. ಒಳಪದರಕ್ಕೆ ತಲುಪುವುದು ಅರೆಬರೆ ಮದ್ದು. ಸಾಯುವಷ್ಟು ಅಲ್ಲ, ತಡೆದುಕೊಳ್ಳಲು ಕಲಿಯುವಷ್ಟು. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಇದನ್ನು ಎಚ್ಚರಿಸಿದ್ದರು. ಮತ್ತೆ, ಒತ್ತೊತ್ತಾಗಿ ಇರುವುದರಿಂದ ಒಂದು ಕಲಿತದ್ದು ಪಕ್ಕದ್ದಕ್ಕೂ ದಾಟುತ್ತದೆ, ಜೀನ್ ಮೂಲಕ. ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ.

ಲೋಳೆ ಬೆಳೆಯಲಿಕ್ಕೆ ಬೇಕಾದದ್ದನ್ನೆಲ್ಲ ಕೊಡುವವರು ನಾವೇ. ಮರಿ ಬಂದ ಮೊದಲ ವಾರ ಶೆಡ್ಡನ್ನು 32–33 ಡಿಗ್ರಿಯಲ್ಲಿ ಬೆಚ್ಚಗೆ ಇಡುತ್ತೇವೆ. ಮರಿ ಕುಡಿಯುವುದು ಕಡಿಮೆ, ಪೈಪಿನ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅದಕ್ಕೆ ವಿಟಮಿನ್, ಗ್ಲೂಕೋಸ್ ಸೇರಿಸುತ್ತೇವೆ. ನಮ್ಮ ಕೆಂಪು ಕಲ್ಲಿನ ನೆಲದಲ್ಲಿ ಕೆಲವು ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಬೇರೆ. ಅದೂ ಲೋಳೆಗೆ ಒಳ್ಳೆಯದೇ.

ಸರಕಾರ ಸುಮ್ನೆ ಕೂತಿಲ್ಲ. ಕೋಳಿ ಮತ್ತು ಆಹಾರಕ್ಕಾಗಿ ಸಾಕುವ ಬೇರೆ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ತಯಾರಿಸಿ ಮಾರುವುದನ್ನು ಕೇಂದ್ರ 2019ರಲ್ಲೇ ನಿಷೇಧಿಸಿದೆ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳ ತಡೆಗೆ ಕೇರಳಕ್ಕೆ 2018ರಿಂದ ತನ್ನದೇ ಯೋಜನೆ ಇದೆ. ಮಾಂಸದಲ್ಲಿ ಮದ್ದಿನ ಅಂಶ ಉಳಿದಿದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಒಳ್ಳೆಯ ಕೆಲಸ. ಆದರೆ ಮದ್ದು ಉಳಿಯದ ಮಾಂಸದಲ್ಲೂ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಇರಬಹುದು. ಆ ಪರೀಕ್ಷೆ ಪೈಪಿನ ಒಳಗೆ ನೋಡುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು? ಒಂದು ಬ್ಯಾಚ್ ಹೋಗಿ ಶೆಡ್ ಖಾಲಿ ಇರುವಾಗ ಪೈಪ್ ತೊಳೆಯಬೇಕು. ಬರೀ ಬ್ಲೀಚಿಂಗ್ ಪೌಡರ್ ಸಾಲದು, ಲೋಳೆಯ ಒಳಗೆ ಅದು ಇಳಿಯುವುದೇ ಕಷ್ಟ. ಪೈಪಿಗೆಂದೇ ಬರುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಹೇಳಿದ ಅಳತೆಯಲ್ಲಿ ತುಂಬಿಸಿ, ಗಂಟೆಗಟ್ಟಲೆ ಬಿಟ್ಟು, ಜೋರಾಗಿ ನೀರು ಹಾಯಿಸಿ ಹೊರಗೆ ಬಿಡಿ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಮರಿ ಬಂದ ಮೇಲೂ ದಿನಾ ಪೈಪಿನ ಕೊನೆ ಬಿಚ್ಚಿ ನಿಂತ ನೀರು ಬಿಡಿ. ವಿಟಮಿನ್ ಕೊಟ್ಟ ದಿನವಂತೂ ತಪ್ಪಿಸಬೇಡಿ. ನೀರು ಪರೀಕ್ಷೆಗೆ ಕೊಡುವಾಗ ಬಾವಿಯದ್ದು ಮಾತ್ರ ಅಲ್ಲ, ಕೋಳಿ ನೀರು ಕುಡಿಯುವ ಕೊನೆಯ ನಿಪ್ಪಲಿನದ್ದೂ ಕೊಡಿ.

ಖರ್ಚು ಯಾರದ್ದು? ಕೋಳಿ ಕಂಪನಿಗೆ ಕರಾರಿನಲ್ಲಿ ಸಾಕುವವರಿಗೆ ಮರಿ ಕಂಪನಿಯದ್ದು, ಮೇವು ಕಂಪನಿಯದ್ದು, ಮದ್ದೂ ಕಂಪನಿಯದ್ದು. ಕೆಜಿ ಲೆಕ್ಕದಲ್ಲಿ ಕೂಲಿ ಪಡೆಯುವ ರೈತನ ತಲೆಗೆ ಪೈಪ್ ತೊಳೆಯುವ ಖರ್ಚನ್ನು ಕಟ್ಟುವುದು ನ್ಯಾಯ ಅಲ್ಲ. ಮುಂದಿನ ಬ್ಯಾಚಿನ ಮರಿ ಇಳಿಸುವ ಮೊದಲು ಕಂಪನಿಯ ಸೂಪರ್‌ವೈಸರ್ ಹತ್ತಿರ ಕೇಳಿ: ಮದ್ದಿನ ಬಾಟಲಿ ಕಳಿಸುತ್ತೀರಲ್ಲ, ಪೈಪ್ ತೊಳೆಯುವ ದ್ರಾವಣ ಯಾವಾಗ ಕಳಿಸುತ್ತೀರಿ?