ಮುಟ್ಟದೆ ಕಲಿತ ವೈದ್ಯವಿದ್ಯೆ

ಎಲ್ಲರಿಗೂ ನಮಸ್ಕಾರ.

ಡಾಕ್ಟರ ಕೈಗುಣ ಚೆನ್ನಾಗಿದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಔಷಧ ಅದೇ, ಪ್ರಮಾಣವೂ ಅದೇ. ಆದರೂ ಒಬ್ಬರು ಕೊಟ್ಟರೆ ವಾಸಿಯಾಗುತ್ತದೆ, ಇನ್ನೊಬ್ಬರು ಕೊಟ್ಟರೆ ಆಗುವುದಿಲ್ಲ ಎಂಬ ನಂಬಿಕೆ. ವೈದ್ಯಕೀಯ ಓದಿದ ಹೊಸದರಲ್ಲಿ ನಾನೂ ಇದನ್ನು ಕೇಳಿ ನಕ್ಕವನೇ. ಈಗ ನಗುವುದಿಲ್ಲ. ಆ ಒಂದು ಪದದೊಳಗೆ ಸ್ಪರ್ಶವಿದೆ, ಪರಿಚಯವಿದೆ, ಹೋದ ಸಲ ಈ ಮನುಷ್ಯನಿಗೆ ಏನಾಗಿತ್ತು ಎಂಬ ನೆನಪಿದೆ. ಕುಟುಂಬ ವೈದ್ಯರಾಗಲು ತರಬೇತಿಗೆ ಸೇರಿದವರು ಕಲಿಯಬೇಕಾದದ್ದು ಮುಖ್ಯವಾಗಿ ಇದನ್ನೇ. 2020ರಲ್ಲಿ ಸೇರಿದವರಿಗೆ ಸಿಕ್ಕ ಮೊದಲ ಸೂಚನೆ: ಮುಟ್ಟಬೇಡಿ.

ಅವರ ಬಗ್ಗೆಯೇ ಇಂದಿನ ಮಾತು. ಮಹಾಮಾರಿ ಅವರಿಗೆ ತಮ್ಮ ವೃತ್ತಿಯನ್ನು ಹೇಗೆ ತೋರಿಸಿತು, ಅದನ್ನು ನೋಡಿ ಅವರು ಏನು ನಿರ್ಧರಿಸಿದರು ಎಂಬುದು ನನ್ನ ಕುತೂಹಲ.

ಮೊದಲು ಒಂದು ಸಣ್ಣ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಆರೋಗ್ಯ ತುರ್ತುಸ್ಥಿತಿ ಎಂದು ಸಾರಿದ್ದು 2020ರ ಜನವರಿ 30ರಂದು. ಅದು ಮುಗಿಯಿತೆಂದು ಹೇಳಿದ್ದು 2023ರ ಮೇ 5ರಂದು. ಮೂರು ವರ್ಷ, ಮೂರು ತಿಂಗಳು. ಕುಟುಂಬ ವೈದ್ಯಶಾಸ್ತ್ರದ ತರಬೇತಿ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಮೂರು ವರ್ಷದ್ದು, ಕೆನಡಾದಲ್ಲಿ ಎರಡೇ ವರ್ಷ. ಅಂದರೆ ತುರ್ತುಸ್ಥಿತಿ ಶುರುವಾದ ಮೇಲೆ ಸೇರಿ, ಅದು ಮುಗಿಯುವ ಮೊದಲೇ ತೇರ್ಗಡೆಯಾಗಿ ಹೊರಬಂದವರಿದ್ದಾರೆ. ಮಾಮೂಲಿ ದಿನ ಎಂಬುದನ್ನು ಅವರು ತರಬೇತಿಯಲ್ಲಿ ಕಂಡೇ ಇರಲಿಲ್ಲ.

ಈ ಮಾಮೂಲಿ ದಿನದ ಬೆಲೆಯನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಹೃದ್ರೋಗ ತಜ್ಞರ ಬಳಿ ಬರುವವರ ಪೈಕಿ ಹೆಚ್ಚಿನವರಿಗೆ ಹೃದಯದ ಕಾಯಿಲೆಯ ಶಂಕೆಯಾದರೂ ಇರುತ್ತದೆ. ಕುಟುಂಬ ವೈದ್ಯರ ಬಳಿ ಬರುವವರಲ್ಲಿ ಹೆಚ್ಚಿನವರದು ತಾನಾಗಿ ವಾಸಿಯಾಗುವ ತೊಂದರೆ. ನಡುವೆ ಎಲ್ಲೋ ಒಂದು ಅಪಾಯದ್ದು ಅಡಗಿ ಕೂತಿರುತ್ತದೆ. ನೂರು ಕೆಮ್ಮು ಕೇಳಿಸಿಕೊಂಡ ಕಿವಿಗೆ ಮಾತ್ರ ನೂರೊಂದನೆಯದು ಬೇರೆ ಎಂದು ಹೊಳೆಯುತ್ತದೆ. ಆದರೆ ಆ ದಿನಗಳಲ್ಲಿ ಕೆಮ್ಮೆಲ್ಲ ಒಂದೇ ಕೆಮ್ಮಾಯಿತು, ಜ್ವರವೆಲ್ಲ ಒಂದೇ ಜ್ವರವಾಯಿತು. ಕೆಮ್ಮಿದವರನ್ನು ಬೇರೆ ಬಾಗಿಲಿಗೆ ಕಳುಹಿಸಲಾಯಿತು. ಕಿವಿನೋವಿನ ಮಗು, ಉಳುಕಿದ ಕಾಲು, ಯಾಕೋ ಸುಸ್ತು ಎನ್ನುವ ಗೃಹಿಣಿ, ಇವರಾರೂ ಬರಲಿಲ್ಲ. ಸಕ್ಕರೆ ಕಾಯಿಲೆಯವರು ಹೆದರಿ ಮನೆಯಲ್ಲೇ ಉಳಿದರು; ಬಂದಾಗ ಹುಣ್ಣು ಆಳಕ್ಕೆ ಇಳಿದಿತ್ತು. ಇತ್ತ ಎಷ್ಟೋ ತರಬೇತಿ ವೈದ್ಯರನ್ನು ಕ್ಲಿನಿಕ್ಕಿನಿಂದ ಎಬ್ಬಿಸಿ ಕೋವಿಡ್ ವಾರ್ಡಿನ ಪಾಳಿಗೆ ಹಾಕಲಾಯಿತು. ಅಲ್ಲಿ ಕಲಿತದ್ದು ಸಣ್ಣದಲ್ಲ. ಆದರೆ ಅದು ಬೇರೆ ಕಸುಬು.

ದೂರವಾಣಿಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ.

ರೋಗಿ ಕೋಣೆಗೆ ನಡೆದು ಬರುವ ಆ ನಾಲ್ಕು ಹೆಜ್ಜೆಯಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ ಎಂದು ನಮಗೆ ಹಿರಿಯರು ಹೇಳಿಕೊಟ್ಟಿದ್ದರು. ದೂರವಾಣಿಯಲ್ಲಿ ಆ ಹೆಜ್ಜೆಗಳಿಲ್ಲ. ಬಾಗಿಲೂ ಇಲ್ಲ. ಬಾಗಿಲು ಯಾಕೆ ಮುಖ್ಯವೆಂದರೆ, ಚೀಟಿ ತೆಗೆದುಕೊಂಡು ಎದ್ದು ಹೋದವರು ಬಾಗಿಲ ಹಿಡಿಕೆಗೆ ಕೈಯಿಟ್ಟು ತಿರುಗಿ ‘ಅಂದ ಹಾಗೆ ಡಾಕ್ಟರೇ...’ ಎನ್ನುತ್ತಾರಲ್ಲ, ಅವರು ಬಂದದ್ದೇ ಆ ಮಾತು ಹೇಳಲು. ಎದೆಯಲ್ಲಿ ಕಂಡ ಗಂಟು, ಗಂಡನ ಹೊಡೆತ, ಬದುಕು ಸಾಕೆನಿಸುವುದು. ಕರೆ ಕಡಿತವಾದರೆ ಆ ಮಾತು ಅಲ್ಲಿಗೇ ಉಳಿಯುತ್ತದೆ. ಹಾಗಾಗಿ ಫೋನಿನಲ್ಲಿ ವೈದ್ಯಕೀಯ ಕಲಿತವರು ಅರ್ಧ ಕಲಿತವರು ಎಂದೇ ನಾನು ಅಂದುಕೊಂಡಿದ್ದೆ.

ಆಮೇಲೆ ಅವರ ಪಕ್ಕದಲ್ಲಿ ಕುಳಿತು ಕೇಳಿದೆ. ಒಂದು ವಾಕ್ಯದ ನಡುವೆ ರೋಗಿ ಎಷ್ಟು ಸಲ ಉಸಿರು ಎಳೆದುಕೊಂಡರು ಎಂದು ಅವರು ಎಣಿಸುತ್ತಿದ್ದರು. ಹಿನ್ನೆಲೆಯಲ್ಲಿ ಅಳುವ ಮಗು, ಪಿಸುಗುಟ್ಟಿ ಉತ್ತರ ಹೇಳಿಕೊಡುವ ಇನ್ನೊಂದು ದನಿ ಅವರ ಗಮನಕ್ಕೆ ಬರುತ್ತಿತ್ತು. ದನಿ ಗಟ್ಟಿಯಾಗಿದೆ ಎಂದು ನಂಬಿ ಕೂರುತ್ತಿರಲಿಲ್ಲ. ಕೋವಿಡ್‌ನಲ್ಲಿ ರಕ್ತದ ಆಮ್ಲಜನಕ ಕುಸಿದಿದ್ದರೂ ಉಬ್ಬಸವಿಲ್ಲದೆ ಮಾತನಾಡುವ ರೋಗಿಗಳಿದ್ದರು, ಆದ್ದರಿಂದ ಆಕ್ಸಿಮೀಟರ್ ಬೆರಳಿಗೆ ಹಾಕಿಸಿ, ಅಂಕಿಯನ್ನು ಎರಡೆರಡು ಸಲ ಓದಿಸುತ್ತಿದ್ದರು. ನನ್ನ ಕಿವಿ ಅಷ್ಟು ಸೂಕ್ಷ್ಮವಾಗಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕೆಲವು ತಿಂಗಳು ಬೇಕಾದವು.

ಪರೀಕ್ಷೆಗಳೂ ಹಿಂದೆಯೇ ಬದಲಾದವು. ಬ್ರಿಟನ್ನಿನಲ್ಲಿ ರೋಗಿಗಳ ಪಾತ್ರ ವಹಿಸುವ ನಟರ ಎದುರು ನಡೆಯುತ್ತಿದ್ದ ಅಂತಿಮ ಪರೀಕ್ಷೆ 2020ರಲ್ಲಿ ನಿಂತಿತು. ಬದಲಿಗೆ ಅಭ್ಯರ್ಥಿಗಳು ತಮ್ಮ ನಿಜವಾದ ರೋಗಿಗಳೊಡನೆ ನಡೆಸಿದ ಸಮಾಲೋಚನೆಗಳನ್ನು, ಫೋನಿನವನ್ನೂ ಸೇರಿಸಿ, ಧ್ವನಿಮುದ್ರಿಸಿ ಕಳುಹಿಸಬೇಕಾಯಿತು. ಯಾವ ಕರೆ ಚೆನ್ನಾಗಿ ಬಂದೀತು, ಯಾವುದನ್ನು ಕಳುಹಿಸುವುದು ಎಂದು ತಲೆ ಕೆಡಿಸಿಕೊಳ್ಳುವ ಹೊಸ ಸಂಕಟ ಹುಟ್ಟಿತು. ರೋಗಿಯ ದುಃಖ ನಮ್ಮ ಅಂಕವಾಗುವುದು ಮುಜುಗರದ ವಿಷಯವೇ.

ಇನ್ನೊಂದು ನಷ್ಟ ಪಠ್ಯಕ್ರಮದಲ್ಲಿ ಬರೆದಿಲ್ಲ. ತರಬೇತಿ ವೈದ್ಯರು ಅನುಮಾನ ಬಂದರೆ ಪಕ್ಕದ ಕೋಣೆಯ ಬಾಗಿಲು ತಟ್ಟಿ ‘ಸರ್, ಒಂದು ನಿಮಿಷ’ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಜೊತೆಗೆ ಕುಳಿತು ಆ ದಿನದ ಎಡವಟ್ಟುಗಳನ್ನು ಹೇಳಿಕೊಂಡು ನಗುತ್ತಿದ್ದರು. ವೃತ್ತಿ ಮೈಗಂಟುವುದು ಅಲ್ಲಿ. ಅಂತರ ಕಾಯ್ದುಕೊಳ್ಳಬೇಕಾದ ಕಾಲದಲ್ಲಿ ಅದೆಲ್ಲ ಹೋಯಿತು. ಸಾವಿನ ಸುದ್ದಿಯನ್ನು ಮನೆಯವರಿಗೆ ಮೊದಲ ಸಲ ತಿಳಿಸಿದ್ದು ಫೋನಿನಲ್ಲಿ. ಫೋನಿಟ್ಟ ಮೇಲೆ ಪಕ್ಕದಲ್ಲಿ ಯಾರೂ ಇಲ್ಲ.

ಇಷ್ಟಾದರೂ, ವೃತ್ತಿಯ ಬಗ್ಗೆ ಅವರ ಮನಸ್ಸನ್ನು ರೂಪಿಸಿದ್ದು ಮುಖ್ಯವಾಗಿ ರೋಗವಲ್ಲ ಎಂಬುದು ನನ್ನ ಅನಿಸಿಕೆ. ಅವರು ನಮ್ಮನ್ನು ನೋಡುತ್ತಿದ್ದರು. ಇನ್ನು ಇಪ್ಪತ್ತು ವರ್ಷಕ್ಕೆ ನಾನು ಹೇಗಿರುತ್ತೇನೆ ಎಂಬುದಕ್ಕೆ ತರಬೇತಿ ವೈದ್ಯರಿಗೆ ಇರುವ ಸಾಕ್ಷ್ಯವೆಂದರೆ ತರಬೇತುದಾರರ ಬದುಕು. ಮಾಮೂಲಿ ಕಾಲದಲ್ಲಿ ನಾವು ದಣಿವನ್ನು ಸ್ವಲ್ಪ ಮುಚ್ಚಿಟ್ಟುಕೊಳ್ಳುತ್ತೇವೆ. ಮಹಾಮಾರಿ ಆ ಪರದೆಯನ್ನು ಎಳೆದುಹಾಕಿತು. ಮಧ್ಯಾಹ್ನದ ಊಟ ರಾತ್ರಿಗೆ ಹೋದದ್ದು, ಮನೆಯವರಿಗೆ ಸೋಂಕು ತಗುಲೀತೆಂದು ಬೇರೆ ಕೋಣೆಯಲ್ಲಿ ಮಲಗಿದ್ದು, ಬೆಳಿಗ್ಗೆ ಬಂದ ಸುತ್ತೋಲೆಯನ್ನು ಸಂಜೆಯ ಸುತ್ತೋಲೆ ರದ್ದು ಮಾಡಿದಾಗ ಗೊಣಗಿದ್ದು, ಎಲ್ಲವನ್ನೂ ಅವರು ಕಂಡರು. ಗೌರವ ಹೆಚ್ಚಿತು ಎಂದು ಹಲವರು ಹೇಳಿದ್ದಾರೆ. ಅದೇ ಉಸಿರಿಗೆ ‘ಆದರೆ ನಾನು ಹೀಗೆ ಬದುಕಲಾರೆ’ ಎಂದೂ ಹೇಳಿದ್ದಾರೆ. ಈ ಎರಡು ಮಾತಿನ ನಡುವೆ ವಿರೋಧವಿದೆ ಎಂದು ನನಗೆ ತೋರುವುದಿಲ್ಲ.

ಅರೆಕಾಲಿಕ ಕೆಲಸ, ವಾರದ ಕೆಲವು ದಿನ ಕ್ಲಿನಿಕ್ಕು ಮತ್ತೆ ಕೆಲವು ದಿನ ಬೋಧನೆ ಅಥವಾ ಸಂಶೋಧನೆ, ಸ್ವಂತ ಕ್ಲಿನಿಕ್ಕಿನ ಹೊಣೆ ಬೇಡವೇ ಬೇಡ ಎನ್ನುವುದು: ಈ ಆಯ್ಕೆಗಳ ಬಗ್ಗೆ ನಮ್ಮ ಪೀಳಿಗೆಯವರು ಮೂಗು ಮುರಿಯುವುದುಂಟು. ಈಗಿನವರಿಗೆ ಕಷ್ಟ ಸಹಿಸುವ ಶಕ್ತಿಯಿಲ್ಲ ಎನ್ನುತ್ತಾರೆ. 2003ರಲ್ಲಿ ಹರಡಿದ ಸಾರ್ಸ್ ಎಂಬ ಶ್ವಾಸಕೋಶದ ಸೋಂಕಿನ ಅನುಭವವನ್ನು ಅವರಿಗೆ ನೆನಪಿಸಬೇಕು. ಕೆನಡಾದ ಟೊರಾಂಟೊದಲ್ಲಿ ಸಾರ್ಸ್ ರೋಗಿಗಳನ್ನು ನೋಡಿಕೊಂಡ ಆಸ್ಪತ್ರೆಗಳ ಸಿಬ್ಬಂದಿಯನ್ನು ಒಂದೆರಡು ವರ್ಷಗಳ ನಂತರ ಅಧ್ಯಯನ ಮಾಡಿದರು. ಸಾರ್ಸ್ ಬಾರದ ಆಸ್ಪತ್ರೆಗಳವರಿಗೆ ಹೋಲಿಸಿದರೆ ಇವರಲ್ಲಿ ಬಳಲಿಕೆ ಹೆಚ್ಚಿತ್ತು, ಕೆಲಸದ ಗಂಟೆಗಳನ್ನೂ ರೋಗಿಗಳ ಸಂಪರ್ಕವನ್ನೂ ಕಡಿಮೆ ಮಾಡಿಕೊಂಡವರು ಹೆಚ್ಚಿದ್ದರು. ಅವರೆಲ್ಲ ಈಗಿನ ಪೀಳಿಗೆಯವರಲ್ಲ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ: ತಮಗೆ ತಕ್ಕ ತರಬೇತಿ, ರಕ್ಷಣೆ, ನೈತಿಕ ಬೆಂಬಲ ಸಿಕ್ಕಿತೆಂದು ಭಾವಿಸಿದವರು ಕಡಿಮೆ ಕುಗ್ಗಿದ್ದರು.

ಇದು ಗೊತ್ತಿದ್ದೂ 2020ರ ನಂತರ ಅನೇಕ ಕಡೆ ತರಬೇತಿ ವೈದ್ಯರಿಗೆ ಏರ್ಪಡಿಸಿದ್ದು ಮನೋಸ್ಥೈರ್ಯದ ಕಾರ್ಯಾಗಾರ. ಅದೂ ಅವರ ಊಟದ ಬಿಡುವಿನಲ್ಲಿ. ಬಳಲಿಕೆಯನ್ನು, ಅಂದರೆ ಬರ್ನ್‌ಔಟ್ ಎನ್ನುವುದನ್ನು, ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಕಾಯಿಲೆ ಎಂದು ಕರೆದಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆದಿದೆ. ದೋಷ ಕೆಲಸದ ಜಾಗದಲ್ಲಿರುವಾಗ ಕೆಲಸಗಾರರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವುದು ವಿಚಿತ್ರ ಚಿಕಿತ್ಸೆ. ಯೋಧರ ಅಧ್ಯಯನದಿಂದ ಬಂದ ‘ನೈತಿಕ ಗಾಯ’ ಎಂಬ ಮಾತು ಇವರಲ್ಲಿ ಕೆಲವರಿಗೆ ಹೆಚ್ಚು ಒಪ್ಪುತ್ತದೆ: ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದಂತೆ ಕೈ ಕಟ್ಟಿಸಿಕೊಂಡು ನಿಂತಾಗ ಆಗುವ ಗಾಯ. ಹಾಸಿಗೆ ಇಲ್ಲವೆಂದು ಫೋನಿನಲ್ಲಿ ಹೇಳಬೇಕಾಗಿ ಬಂದವರಿಗೆ ಇದರ ಅರ್ಥ ಬಿಡಿಸಬೇಕಿಲ್ಲ.

ಹಾಗಾದರೆ ಉಳಿದುಕೊಂಡವರು ಯಾಕೆ ಉಳಿದರು? ನಾನು ಕೇಳಿದಾಗ ಬಂದ ಉತ್ತರಗಳಲ್ಲಿ ಚಪ್ಪಾಳೆ, ದೀಪ, ವೀರಗಾಥೆ ಒಂದೂ ಇರಲಿಲ್ಲ. ಲಸಿಕೆಯ ದಿನಗಳ ನೆನಪು ಬಂತು. ಟಿವಿಯಲ್ಲಿ ತಜ್ಞರು ಎಷ್ಟೇ ಹೇಳಿದರೂ ಒಪ್ಪದ ಜನ ಕ್ಲಿನಿಕ್ಕಿಗೆ ಬಂದು ‘ನೀವು ಹಾಕಿಸಿಕೊಂಡಿರಾ?’ ಎಂದು ಕೇಳಿ, ಹೌದು ಎಂದ ಮೇಲೆ ತೋಳು ಚಾಚಿದರು. ಗೊತ್ತಿರುವ ವೈದ್ಯರ ಒಂದು ಮಾತಿಗೆ ಎಷ್ಟು ತೂಕವಿದೆ ಎಂಬುದು ಪುಸ್ತಕದಲ್ಲಿ ತಿಳಿಯುವಂಥದ್ದಲ್ಲ. ಆ ತೂಕಕ್ಕೆ ಅಂಕಿಯೂ ಇದೆ. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದಾಗ, ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರಲ್ಲಿ, ಒಂದು ವರ್ಷದೊಳಗಿನ ಪರಿಚಯ ಇದ್ದವರಿಗಿಂತ, ತುರ್ತಾಗಿ ಆಸ್ಪತ್ರೆಗೆ ಸೇರುವುದು ಶೇಕಡಾ 28ರಷ್ಟು, ಸಾವು ಶೇಕಡಾ 25ರಷ್ಟು ಕಡಿಮೆ ಕಂಡಿತು. ಯಾವುದಾದರೂ ಮಾತ್ರೆ ಹೀಗೆ ಮಾಡಿದ್ದರೆ ಜಾಹೀರಾತು ಊರೆಲ್ಲ ತುಂಬಿರುತ್ತಿತ್ತು.

ಇಲ್ಲಿಯೇ ನನಗೊಂದು ಕಸಿವಿಸಿಯಿದೆ, ಮುಚ್ಚಿಡುವುದಿಲ್ಲ. ಹದಿನೈದು ವರ್ಷ ಒಂದೇ ಕಡೆ ಕೂರುವ ವೈದ್ಯರು ಬೇಕು ಎನ್ನುತ್ತೇವೆ; ವಾರಕ್ಕೆ ಮೂರು ದಿನ ಮಾತ್ರ ಕೂರುತ್ತೇವೆ ಎಂಬ ಅವರ ನಿರ್ಧಾರವನ್ನೂ ನಾನು ಸಮರ್ಥಿಸುತ್ತಿದ್ದೇನೆ. ಎರಡೂ ಹೊಂದುತ್ತವೆಯೇ? ಯೋಚಿಸಿದಷ್ಟೂ ಹೊಂದಬಹುದು ಎನಿಸುತ್ತದೆ. ವಾರಕ್ಕೆ ಆರು ದಿನ ಕುಳಿತು ಐದನೇ ವರ್ಷಕ್ಕೆ ವೃತ್ತಿಯನ್ನೇ ಬಿಟ್ಟವರಿಗಿಂತ, ಮೂರೇ ದಿನ ಕುಳಿತು ಇಪ್ಪತ್ತು ವರ್ಷ ಉಳಿದವರು ರೋಗಿಗೆ ಹೆಚ್ಚು ಪರಿಚಿತರು. ಆದರೆ ಅದಕ್ಕೆ ಉಳಿದ ದಿನಗಳನ್ನು ಹಂಚಿಕೊಳ್ಳುವ ಜೊತೆಗಾರರು ಬೇಕು, ಅವರಿಗೆ ಸಂಬಳ ಕೊಡುವವರು ಬೇಕು. ಆ ಮಾತು ಬಂದಾಗ ಸಭೆಗಳು ಬೇಗ ಮುಗಿಯುತ್ತವೆ.

ನನ್ನ ಬಳಿ ತರಬೇತಿ ಪಡೆದ ಒಬ್ಬ ವೈದ್ಯೆ ಹದಿನಾಲ್ಕು ತಿಂಗಳು ಒಬ್ಬ ವೃದ್ಧರಿಗೆ ಫೋನಿನಲ್ಲೇ ಚಿಕಿತ್ಸೆ ನೀಡಿದ್ದರು. ರಕ್ತದೊತ್ತಡ, ನಿದ್ದೆ, ತೀರಿಹೋದ ಹೆಂಡತಿ, ಎಲ್ಲ ಮಾತೂ ಆಗಿತ್ತು. ಮುಖ ಮಾತ್ರ ಇಬ್ಬರೂ ನೋಡಿರಲಿಲ್ಲ. ಕೊನೆಗೆ ಆ ವೃದ್ಧರು ಕ್ಲಿನಿಕ್ಕಿಗೆ ಬಂದಾಗ ಈಕೆ ಮಾಸ್ಕ್ ಹಾಕಿ, ಬೆನ್ನು ತಿರುಗಿಸಿಕೊಂಡು ನರ್ಸ್ ಜೊತೆ ಏನೋ ಹೇಳುತ್ತಿದ್ದರು. ಅವರು ಬಾಗಿಲಲ್ಲೇ ನಿಂತು ‘ಓ, ನೀವೇ!’ ಎಂದರಂತೆ. ಆ ದಿನ ಮೊದಲ ಸಲ ಅವರ ನಾಡಿ ಹಿಡಿದು ನೋಡಿದೆ ಎಂದು ನನಗೆ ಹೇಳುವಾಗ ಆಕೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ತರಬೇತಿ ಮುಗಿಸಿ ಅವರು ಅದೇ ಕ್ಲಿನಿಕ್ಕಿಗೆ ಸೇರಿದ್ದಾರೆ. ವಾರಕ್ಕೆ ಮೂರು ದಿನ. ನಾಲ್ಕನೆಯ ದಿನವೂ ಬರಬಹುದೇ ಎಂದು ನಾನೇ ಎರಡು ಸಲ ಕೇಳಿದೆ. ಒಪ್ಪಲಿಲ್ಲ.