ತಗಡು ಸಿಗ್ನಲ್ ತಿನ್ನುತ್ತಾ?

(ಅಡಿಕೆ ಅಂಗಳ. ಹೊರಗೆ ಜೋರು ಮಳೆ.)

ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಂಗಳಕ್ಕೆ ಈ ವರ್ಷ ಜಿಂಕ್ ಶೀಟ್ ಹಾಕಿಸಿದೆವು. ಅಡಿಕೆ ಬಚಾವಾಯ್ತು, ನೆಟ್‌ವರ್ಕ್ ಹೋಯ್ತು. "ತಗಡು ಸಿಗ್ನಲ್ ತಿಂತಾ ಇದೆ ಮಾರಾಯ" ಅಂತಾರೆ ಚಿಕ್ಕಪ್ಪ. ತಿನ್ನೋದಿಲ್ಲ ಚಿಕ್ಕಪ್ಪ, ಬಂದ ದಾರಿಗೇ ಅಟ್ಟುತ್ತೆ. ಹಾಗಾದರೆ ನಿಜವಾಗಿ ತಿನ್ನೋದು ಯಾವುದು?

ಬೇಸಿಕ್ಸ್ ಬೇಗ ಮುಗಿಸೋಣ. ಮೊಬೈಲ್, ವೈಫೈ, ರೇಡಾರ್ ಎಲ್ಲವೂ ವಿದ್ಯುತ್ಕಾಂತೀಯ ಅಲೆಗಳೇ. ಹೀರಿಕೊಂಡ ಅಲೆ ಶಾಖವಾಗುತ್ತದೆ. ಅಷ್ಟೇ.

ಈಗ ಹೊರಗೆ ನೋಡಿ. ಸಿಮೆಂಟ್ ಮೇಲೆ ಬಿದ್ದ ಮಳೆ ಸಿಡಿದು ಚರಂಡಿಗೆ ಓಡುತ್ತಿದೆ. ಹತ್ತು ಹೆಜ್ಜೆ ಆಚೆ, ಮರದ ಬುಡದಲ್ಲಿ, ಅದೇ ಮಳೆ ಸದ್ದಿಲ್ಲದೆ ಇಂಗುತ್ತಿದೆ. ಒಂದು ಹಿಡಿ ದರಗು ಎತ್ತಿ: ಮೇಲೆ ಸಡಿಲ ಎಲೆ, ಅದರಡಿ ಅರ್ಧ ಕೊಳೆತದ್ದು, ಅದರಡಿ ಕಪ್ಪು ಮಣ್ಣು, ಹೀಗೆ ನೀರಿಗೆ ಎಲ್ಲೂ ಒಮ್ಮೆಲೇ ಗೋಡೆ ಸಿಗುವುದೇ ಇಲ್ಲ. ಮೊದಲು ಒಳಗೆ ಬಿಟ್ಟುಕೊಳ್ಳಬೇಕು, ಆಮೇಲೆ ಇಂಗಿಸಬೇಕು. ಅಲೆಗೂ ಇದೇ ಲೆಕ್ಕ.

ನನಗೆ ತುಂಬಾ ಇಷ್ಟವಾದ ವಿಷಯ ಈಗ ಬರುತ್ತೆ. ಖಾಲಿ ಜಾಗಕ್ಕೂ ಇಂಪೀಡೆನ್ಸ್, ಅಂದರೆ ಅಲೆಗೆ ಒಡ್ಡುವ ಒಂಥರಾ ತಡೆ, ಇದೆ, ಸುಮಾರು 377 ಓಮ್. ಏನೂ ಇಲ್ಲದ ಜಾಗಕ್ಕೆ ಓಮ್, ತಮಾಷೆ ಅಲ್ವಾ? ವಸ್ತುವಿನ ಮೈ ಈ ಸಂಖ್ಯೆಗೆ ಹತ್ತಿರವಿದ್ದರೆ ಅಲೆ ಒಳಗೆ ಬರುತ್ತದೆ. ಲೋಹದ್ದು ತೀರಾ ಕಡಿಮೆ, ಅದಕ್ಕೇ ವಾಪಸ್. ಕರೆಂಟ್ ಹರಿಸುವ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಪ್ಲಾಸ್ಟಿಕ್‌ಗೆ ಜಾಸ್ತಿ ತುಂಬಿದರೆ ಜಾಸ್ತಿ ಹೀರುತ್ತೆ ಅಂದುಕೊಳ್ಳಬೇಡಿ, ಮಿತಿ ದಾಟಿದರೆ ಅದೂ ತಗಡೇ. ಬರೀ ಪ್ಲಾಸ್ಟಿಕ್ ಆದರೆ ಜಲ್ಲಿ ರಾಶಿ ಇದ್ದ ಹಾಗೆ, ಒಳಗೆ ಬಿಡುತ್ತೆ, ಹಿಡಿದುಕೊಳ್ಳಲ್ಲ.

ಅದಕ್ಕೇ ಮಿಶ್ರಣ. ಅಲೆಯ ಕರೆಂಟ್ ಕಡೆಗೆ ಗ್ರಾಫೀನ್ ಅಥವಾ ಕಾರ್ಬನ್ ನ್ಯಾನೋಟ್ಯೂಬ್ (ಕಾರ್ಬನ್‌ನ ಅತಿ ಸಣ್ಣ ಕೊಳವೆ), ಅಯಸ್ಕಾಂತದ ಕಡೆಗೆ ಫೆರೈಟ್ ಪುಡಿ, ಅಂದರೆ ಕಬ್ಬಿಣದ ಆಕ್ಸೈಡ್ ಇರುವ ಕಾಂತೀಯ ವಸ್ತು. ಎರಡೂ ಅಂಟುವ ಅಂಚಿನಲ್ಲಿ ಚಾರ್ಜ್ ಗುಂಪುಗೂಡಿ ಇನ್ನಷ್ಟು ಶಕ್ತಿ ಶಾಖವಾಗಿ ಸೋರುತ್ತದೆ. ನ್ಯಾನೋ ಕಣ ಯಾಕೆ ಅಂದರೆ ಅಂಚು ಜಾಸ್ತಿ. ಲ್ಯಾಬ್‌ನಲ್ಲಿ ಇದನ್ನು ಮೇಣದಲ್ಲಿ ಕಲಸಿ, 7 ಮಿಲಿಮೀಟರ್ ಅಗಲದ ಉದ್ದಿನವಡೆ ಥರದ ಉಂಗುರ ಒತ್ತಿ ಅಳೆಯುತ್ತಾರೆ.

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಿಗೆ: ಹಿಂದೆ ಲೋಹದ ತಗಡು ಇಟ್ಟು, ವಾಪಸ್ ಬರುವ ಅಲೆ ಎಷ್ಟು ಕಡಿಮೆಯಾಯ್ತು ಅಂತ ಡೆಸಿಬೆಲ್‌ನಲ್ಲಿ ಹೇಳುತ್ತಾರೆ; ಮೈನಸ್ 10 ಡೆಸಿಬೆಲ್ ಅಂದರೆ 90 ಪರ್ಸೆಂಟ್ ಹೀರಿತು, ಮೈನಸ್ 20 ಅಂದರೆ 99. ಮೈನಸ್ 60 ಅಂತ ಯಾರಾದರೂ ಜಂಬ ಕೊಚ್ಚಿದರೆ ಎಷ್ಟು ದಪ್ಪಕ್ಕೆ, ಯಾವ ಫ್ರೀಕ್ವೆನ್ಸಿಗೆ ಅಂತ ಕೇಳಿ.

ನಮ್ಮ ಅಂಗಳಕ್ಕೆ ಇದ್ಯಾವುದೂ ಬೇಕಾಗಲಿಲ್ಲ. ಎರಡು ಜಿಂಕ್ ಶೀಟ್ ತೆಗೆದು ಬೆಳಕು ಬೀಳುವ ಫೈಬರ್ ಶೀಟ್ ಹಾಕಿದೆವು. ಚಿಕ್ಕಪ್ಪ ಈಗ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಅಡಿಕೆ ರೇಟ್ ಕೇಳುತ್ತಿದ್ದಾರೆ.