ಕಛೇರಿ ಮಧ್ಯೆ ಸನ್ಮಾನ ಬೇಡ

ನಮಸ್ಕಾರ. ಇವತ್ತು ಸೀದಾ ವಿಷಯಕ್ಕೆ ಬರುತ್ತೇನೆ. ಸಂಗೀತ ಕಛೇರಿಯನ್ನು ಅರ್ಧಕ್ಕೆ ನಿಲ್ಲಿಸಿ ಸನ್ಮಾನ ಮಾಡುವ ಅಭ್ಯಾಸವನ್ನು ನಮ್ಮ ಮೈಸೂರಿನವರು ಬಿಡಬೇಕು.

ಹೇಗೆ ನಡೆಯುತ್ತದೆ ನೋಡಿ. ಗಾಯಕಿ ತೋಡಿ ರಾಗ ಶುರು ಮಾಡಿರುತ್ತಾರೆ. ಅವಸರವಿಲ್ಲ. ಒಂದೊಂದೇ ಸ್ವರದ ಮೇಲೆ ನಿಂತು, ಮೇಲಿನ ಷಡ್ಜ ಮುಟ್ಟಿ, ಅಲ್ಲಿಂದ ಇಳಿದು ಬರುವಷ್ಟರಲ್ಲಿ ಸಭೆ ಪೂರ್ತಿ ಅವರ ಹಿಂದೆ ಹೋಗಿರುತ್ತದೆ. ಪಿಟೀಲಿನವರು ಅದೇ ರಾಗವನ್ನು ತಮ್ಮ ಸರದಿಯಲ್ಲಿ ನುಡಿಸಿ ಮುಗಿಸುತ್ತಾರೆ. ಇನ್ನೇನು ಕೃತಿ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಪಕ್ಕದಿಂದ ಒಬ್ಬರು ಬಗ್ಗಿಕೊಂಡೇ ವೇದಿಕೆ ಹತ್ತುತ್ತಾರೆ. ಗಾಯಕಿಯ ಕಿವಿಯಲ್ಲಿ ಏನೋ ಹೇಳುತ್ತಾರೆ. ಮೈಕ್ ಕೈ ಬದಲಾಗುತ್ತದೆ. 'ದಯವಿಟ್ಟು ಐದೇ ನಿಮಿಷ. ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮ ಇದೆ.'

ಅದು ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಸನ್ಮಾನ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಗಾಯಕಿಗೆ ಆದ ಮೇಲೆ ಪಿಟೀಲಿನವರಿಗೆ, ಆಮೇಲೆ ಮೃದಂಗ, ಘಟ. ನಡುವೆ ಅತಿಥಿಗಳ ಎರಡು ಮಾತು. ಫೋಟೋ ಸರಿಯಾಗಿ ಬರಲಿಲ್ಲ ಅಂತ ಶಾಲನ್ನು ಇನ್ನೊಂದು ಸಲ ಹೊದಿಸುತ್ತಾರೆ. ಇಷ್ಟು ಹೊತ್ತೂ ಹಿಂದೆ ಎಲೆಕ್ಟ್ರಾನಿಕ್ ತಂಬೂರಿ ಅದರ ಪಾಡಿಗೆ ಅದು ನುಡಿಯುತ್ತಲೇ ಇರುತ್ತದೆ.

ಆ ಹೊತ್ತಿನಲ್ಲಿ ನಾನು ಮೃದಂಗದವರನ್ನೇ ನೋಡುತ್ತಿರುತ್ತೇನೆ. ಮೃದಂಗದ ಎಡಗಡೆಗೆ ರವೆಯನ್ನು ನೀರಲ್ಲಿ ಕಲಸಿ ಮೆತ್ತಿರುತ್ತಾರೆ. ಆ ಗುಂ ಅನ್ನುವ ತುಂಬಿದ ನಾದ ಬರುವುದು ಅದರಿಂದ. ರವೆ ಒಣಗುತ್ತಾ ಬಂದರೆ ನಾದವೂ ಕೆಡುತ್ತದೆ. ಅದಕ್ಕೇ ಅವರು ತಲೆ ಮೇಲೆ ಪೇಟ, ಕೊರಳಲ್ಲಿ ಹಾರ ಇಟ್ಟುಕೊಂಡೇ ಒಂದು ಬೆರಳು ನೀರಲ್ಲಿ ಅದ್ದಿ ಅದನ್ನು ತೇವ ಮಾಡುತ್ತಾ ಕೂತಿರುತ್ತಾರೆ. ಗಾಯಕಿಯ ಗಂಟಲೂ ಹಾಗೇ. ಒಂದೂವರೆ ಗಂಟೆ ಹಾಡಿ ಹದಕ್ಕೆ ಬಂದ ದನಿ, ಸುಮ್ನೆ ಕೂರಿಸಿದರೆ ಆರುತ್ತದೆ. ಮತ್ತೆ ಶುರು ಮಾಡಿದಾಗ ಮೊದಲ ಸಾಲು ಸ್ವಲ್ಪ ಅಳುಕುತ್ತದೆ. ತೋಡಿ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಅದನ್ನು ಎತ್ತಿಕೊಳ್ಳುವುದು ಯಾರಿಂದಲೂ ಆಗುವುದಿಲ್ಲ.

ಸನ್ಮಾನವೇ ಬೇಡ ಅಂತ ನಾನು ಹೇಳುತ್ತಿಲ್ಲ. ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥವರು ಆಸ್ಥಾನ ವಿದ್ವಾಂಸರಾಗಿ ಬಾಳಿದ ಊರು ಇದು. ಕಲಾವಿದರ ತಲೆಗೆ ಪೇಟ ಇಟ್ಟು ಗೌರವಿಸುವುದು ನಮಗೆ ಒಪ್ಪುವಂಥದ್ದೇ. ಆದರೆ ಮೊದಲೇ ಮಾಡಿ. ಆರು ಗಂಟೆಗೆ ಸನ್ಮಾನ, ಆರೂವರೆಗೆ ಕಛೇರಿ. ಇಲ್ಲವಾದರೆ ಮಂಗಳ ಹಾಡಿದ ಮೇಲೆ ಮಾಡಿ. 'ಅಷ್ಟು ಹೊತ್ತು ಅತಿಥಿಗಳು ಕೂರಲ್ಲ' ಅನ್ನುವುದೇ ಆಯೋಜಕರ ಉತ್ತರ ಆದರೆ, ಕೂತು ಕೇಳುವವರನ್ನೇ ಅತಿಥಿಗಳಾಗಿ ಕರೆಯಿರಿ. ನಿವೃತ್ತ ಸಂಗೀತ ಮೇಷ್ಟ್ರು, ವೀಣೆ ಮಾಡುವ ಕೆಲಸಗಾರರು, ಇಪ್ಪತ್ತು ವರ್ಷ ತಪ್ಪದೆ ಕಛೇರಿಗೆ ಬರುವ ಕೇಳುಗರು, ಇಂಥವರಿಗೆ ನಮ್ಮ ಊರಲ್ಲಿ ಬರವೇ? ಈಗ ಏನಾಗುತ್ತದೆ ಗೊತ್ತಲ್ಲ. ಸನ್ಮಾನ ಮುಗಿದ ತಕ್ಷಣ ಅತಿಥಿಗಳು ಏಳುತ್ತಾರೆ. ಅವರ ಜೊತೆ ಬಂದವರೂ ಏಳುತ್ತಾರೆ. ಮುಂದಿನ ಸಾಲಿನ ಸೋಫಾಗಳು ಖಾಲಿ. ಸಂಗೀತ ಕಲಿಯುವ ಮಕ್ಕಳು ಮಾತ್ರ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕತ್ತು ಉದ್ದ ಮಾಡಿಕೊಂಡು ಪಿಟೀಲಿನವರ ಬೆರಳು ನೋಡಲು ಪರದಾಡುತ್ತಿರುತ್ತಾರೆ. ಆ ಸೋಫಾಗಳಿಗೆ ಆ ಮಕ್ಕಳನ್ನು ಕರೆದು ಕೂರಿಸಿದ್ದನ್ನು ನಾನು ಇನ್ನೂ ನೋಡಿಲ್ಲ.

ಇನ್ನು ಕೇಳುಗರಾದ ನಮ್ಮ ತಪ್ಪು. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಏಳುವವರು. ಗಾಯಕಿ ಕೈ ತೋರಿಸಿ ಮೃದಂಗದವರಿಗೆ ಬಿಟ್ಟುಕೊಟ್ಟರೆ ಸಾಕು, ಕುರ್ಚಿಗಳು ಕಿರ್ ಅನ್ನುತ್ತವೆ. ಕಾಫಿಗೆ ಹೋಗುವವರು, ಫೋನ್ ಮಾಡುವವರು, ಸ್ಕೂಟರ್ ಕೀ ಹುಡುಕುವವರು. ಎರಡು ಗಂಟೆ ಹಾಡಿಗೆ ಹೊಂದಿಕೊಂಡು ನುಡಿಸಿದವರಿಗೆ ತಾವೇ ಮಾತಾಡಲು ಸಿಗುವುದು ಆ ಹತ್ತು ಹದಿನೈದು ನಿಮಿಷ ಅಷ್ಟೇ. ಮೃದಂಗ ಒಂದು ಪ್ರಶ್ನೆ ಕೇಳುತ್ತದೆ, ಘಟ ಉತ್ತರ ಕೊಡುತ್ತದೆ. ಪ್ರಶ್ನೆ ಚಿಕ್ಕದಾಗುತ್ತಾ ಆಗುತ್ತಾ ಕೊನೆಗೆ ಇಬ್ಬರೂ ಒಟ್ಟಿಗೆ ಮೋರಾ ಅನ್ನುವ ಮುಕ್ತಾಯದ ನುಡಿಸಾಣಿಕೆಗೆ ಬಂದು ನಿಲ್ಲುತ್ತಾರೆ. ತಾಳ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಗಾಯಕಿ ಕೈಯಲ್ಲಿ ತಾಳ ಹಾಕುತ್ತಿರುತ್ತಾರಲ್ಲ, ಆ ಕೈ ನೋಡಿಕೊಂಡು ಕೂತರೆ ಸಾಕು. ಒಂದು ಸಲ ರುಚಿ ಹತ್ತಿತು ಅಂದರೆ ಆಮೇಲೆ ನೀವು ತನಿಗೋಸ್ಕರವೇ ಕಾಯುತ್ತೀರಿ.

ಸೌಂಡ್ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ತಿರುಮಕೂಡಲಿನ ಪಿಟೀಲು ಚೌಡಯ್ಯನವರು 1920ರ ದಶಕದಲ್ಲಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಮಾಮೂಲಿ ನಾಲ್ಕು ತಂತಿಯ ಜೊತೆಗೆ ಇನ್ನೂ ಮೂರು. ಯಾಕೆ? ಮೈಕು ಅಪರೂಪವಾಗಿದ್ದ ಕಾಲ. ದೊಡ್ಡ ಸಭೆಯಲ್ಲಿ ಕೊನೇ ಸಾಲಿನವರಿಗೂ ಕೇಳಬೇಕಲ್ಲ! ಕೂತವರ ಕಿವಿಗೋಸ್ಕರ ಒಬ್ಬ ಕಲಾವಿದರು ತಮ್ಮ ವಾದ್ಯವನ್ನೇ ಬದಲಾಯಿಸಿಕೊಂಡರು. ಅವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರ ಇವತ್ತಿಗೂ ನಮ್ಮ ಶಿವರಾಂಪೇಟೆಯಲ್ಲಿದೆ. ಅಷ್ಟು ಚಿಕ್ಕ ಜಾಗಕ್ಕೆ ಎಷ್ಟು ಮೈಕ್ ಬೇಕು ಹೇಳಿ. ಆದರೂ ಊರಿನ ಎಷ್ಟೋ ಸಣ್ಣ ಸಭಾಂಗಣಗಳಲ್ಲಿ ಮೈದಾನಕ್ಕೆ ಆಗುವಷ್ಟು ಸ್ಪೀಕರ್ ತಂದಿಡುತ್ತಾರೆ. ಮೃದಂಗದ ಬಲಗಡೆ ಏಟು ತಲೆಗೇ ಬಂದು ಬಡಿಯುತ್ತದೆ. ವೀಣೆಯ ಗಮಕ, ಅಂದರೆ ಸ್ವರದ ಬಳುಕು, ಕೇಳಿಸುವುದೇ ಇಲ್ಲ. ಸ್ಪೀಕರ್ ಪಕ್ಕ ಕೂತ ವಯಸ್ಸಾದವರು ಕಿವಿಗೆ ಹತ್ತಿ ಇಟ್ಟುಕೊಂಡು ಸಂಗೀತ ಕೇಳುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯಿಂದ ನಿಯಮ ಇದೆ, ಸರಿ. ಹತ್ತರೊಳಗೂ ಒಂದು ಹದ ಅಂತ ಇರಬೇಕು ಅಲ್ವಾ?

ಸಿನಿಮಾ ಹಾಡಿನ ದೊಡ್ಡ ಶೋಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರ್ಯಾಕ್ ಹಾಕಿಕೊಂಡು ಬಾಯಿ ಆಡಿಸಿದರೆ ನನ್ನ ಪ್ರಕಾರ ಅದು ಹಾಡುವುದಲ್ಲ. ಎದುರಿಗೆ ನಿಂತವರು ಫೋನ್ ಎತ್ತಿ ಹಿಡಿದರೆ ಹಿಂದಿನವರಿಗೆ ವೇದಿಕೆಯೇ ಕಾಣಿಸದು. ಹಾಗೆ ನೋಡಿದರೆ ಮಂಡ್ಯ ಕಡೆ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ನನಗೆ ಎಷ್ಟೋ ಇಷ್ಟ. ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ಇಬ್ಬರು ಗಾಯಕರು. ಹಗಲು ಬೇರೆ ಕೆಲಸ ಮಾಡಿ ಬಂದವರು. ಜನ ಅಣ್ಣಾವ್ರ ಹಾಡು ಕೇಳುತ್ತಾರೆ, ಇವರು ಶ್ರುತಿ ಹಿಡಿದು ಆಗಿಂದಾಗಲೇ ಹಾಡುತ್ತಾರೆ. ಎಲ್ಲೋ ಒಂದು ಕಡೆ ದನಿ ಒಡೆಯುತ್ತದೆ. ಒಡೆಯಲಿ, ನಮ್ಮೆದುರಿಗೆ ನಿಂತು ಹಾಡುತ್ತಿದ್ದಾರೆ ಅಂತ ಗೊತ್ತಾಗುವುದೇ ಅದರಿಂದ.

ಇನ್ನೊಂದು ಕಿರಿಕಿರಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರು ಫೋನ್‌ನಲ್ಲಿ ಹಾಡು ಜೋರಾಗಿ ಹಾಕಿಕೊಂಡು ನಡೆಯುತ್ತಾರೆ. ಒಬ್ಬರದು ಸುಪ್ರಭಾತ, ಹಿಂದೆ ಬರುವವರದು ಡಬ್ಬಿಂಗ್ ಸಿನಿಮಾ ಹಾಡು, ಮಧ್ಯೆ ಯಾರದೋ ರೀಲ್ಸ್. ಪಕ್ಕದಲ್ಲಿ ಹೆಜ್ಜಾರ್ಲೆಗಳು ನೀರಿಗೆ ಇಳಿಯುತ್ತಿರುತ್ತವೆ, ಆ ರೆಕ್ಕೆ ಸದ್ದು ಕೇಳಲು ಬಿಡಿ. ಇಯರ್‌ಫೋನ್ ಹಾಕಿಕೊಳ್ಳಿ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಕೊನೆಗೆ ಸಂಗೀತ ಸಭೆಗಳವರಿಗೆ ಒಂದು ಮಾತು. ಗಣೇಶನ ಹಬ್ಬ, ದಸರಾ, ರಾಮೋತ್ಸವ ಅಂತ ನಮ್ಮ ಊರಲ್ಲಿ ವರ್ಷ ಪೂರ್ತಿ ಕಛೇರಿ. ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣೇಶೋತ್ಸವದಲ್ಲಿ ದೊಡ್ಡ ದೊಡ್ಡ ವಿದ್ವಾಂಸರನ್ನು ಬೀದಿಯ ಚಪ್ಪರದಲ್ಲೇ, ಟಿಕೆಟ್ ಇಲ್ಲದೆ, ದಶಕಗಳಿಂದ ಕೇಳಿದ ಜನ ನಾವು. ಇದನ್ನೆಲ್ಲ ಎಷ್ಟು ಕಷ್ಟಪಟ್ಟು, ಎಷ್ಟು ಮನೆ ಬಾಗಿಲು ತಟ್ಟಿ ನಡೆಸುತ್ತೀರಿ ಅನ್ನುವುದು ನಮಗೆ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ. ಮುಂದಿನ ಸಲ ಕರಪತ್ರ ಅಚ್ಚಿಗೆ ಕೊಡುವಾಗ ಸನ್ಮಾನದ ಸಮಯ ಬೇರೆ, ಕಛೇರಿಯ ಸಮಯ ಬೇರೆ ಅಂತ ಹಾಕಿಸಿ. ಅತಿಥಿಗಳನ್ನು ಕರೆಯಲು ಹೋದಾಗ ಅದನ್ನು ಅವರಿಗೂ ತೋರಿಸಿ. ಮೈಕ್‌ನವರಿಗೆ ಒಂದು ಗಂಟೆ ಮುಂಚೆ ಬರಲು ಹೇಳಿ, ಕೊನೇ ಸಾಲಿನಲ್ಲಿ ನೀವೇ ಕೂತು ಒಮ್ಮೆ ಕೇಳಿ ನೋಡಿ. ಮುಂದಿನ ಎರಡು ಸಾಲು ಕಲಿಯುವ ಮಕ್ಕಳಿಗೆ ಬಿಡಿ.